ಮುಳುಗಿದ ಜಲಾಂತರ್ಗಾಮಿಗೆ ಅಂಟಿಕೊಂಡ ಕಡಲದೈತ್ಯದ ಕತೆಯನ್ನು ಪರಿಶೀಲಿಸುವ ಬಗೆ

ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ, 1918ರ ಏಪ್ರಿಲ್ 30ರಂದು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ನಡುವಣ ನಾರ್ತ್ ಚಾನೆಲ್ ಎಂಬ ಇಕ್ಕಟ್ಟಾದ ಕಡಲಹಾದಿಯಲ್ಲಿ ಜರ್ಮನಿಯ ಯುಬಿ-85 ಎಂಬ ಜಲಾಂತರ್ಗಾಮಿ ಮುಳುಗಿತು. ಅದರಲ್ಲಿದ್ದ 34 ಮಂದಿಯೂ ಬದುಕಿಕೊಂಡು ಬ್ರಿಟಿಷರಿಗೆ ಸೆರೆಯಾದರು. ದಾಖಲೆಯಲ್ಲಿ ಇಷ್ಟು ಇದೆ. ಅಂತರ್ಜಾಲದಲ್ಲಿ ಓಡಾಡುತ್ತಿರುವ ಕತೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಇದೆ. ಅದರ ಪ್ರಕಾರ, ಹಿಂದಿನ ರಾತ್ರಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ನೀರಿನ ಮೇಲೆ ನಿಂತಿದ್ದ ಜಲಾಂತರ್ಗಾಮಿಯ ಪಕ್ಕವನ್ನು ಒಂದು ವಿಚಿತ್ರ ಪ್ರಾಣಿ ಹತ್ತಿತು. ಕೊಂಬಿನಂಥ ಗಟ್ಟಿ ಬುರುಡೆಯಲ್ಲಿ ಹುದುಗಿದ ದೊಡ್ಡ ಕಣ್ಣುಗಳು, ಚಿಕ್ಕ ತಲೆ, ಬೆಳದಿಂಗಳಲ್ಲಿ ಮಿನುಗುವ ಹಲ್ಲುಗಳು ಅದಕ್ಕಿದ್ದವು. ಅದರ ಭಾರಕ್ಕೆ ಹಡಗು ವಾಲಿತು, ಕಾವಲಿನಲ್ಲಿದ್ದವರೆಲ್ಲ ಪಿಸ್ತೂಲು ತೆಗೆದು ಗುಂಡು ಹೊಡೆದರು. ಪ್ರಾಣಿ ಕೊನೆಗೆ ಹಿಡಿತ ಬಿಟ್ಟು ಹೋಯಿತಾದರೂ ಮುಂಭಾಗದ ಅಟ್ಟದ (ಡೆಕ್‌ನ) ತಗಡು ಕೆಟ್ಟುಹೋದ್ದರಿಂದ ಹಡಗು ಮತ್ತೆ ನೀರಿನಡಿಗೆ ಇಳಿಯಲಾರದಾಯಿತು. ಬೆಳಗಾದಾಗ ಕೊರಿಯಾಪ್ಸಿಸ್ ಎಂಬ ಬ್ರಿಟಿಷ್ ಹಡಗು ಬಂದು ಎಲ್ಲರನ್ನೂ ಸೆರೆಹಿಡಿಯಿತು. ಇಷ್ಟನ್ನೂ ಹೇಳಿದವನು ಸ್ವತಃ ಕಪ್ತಾನ ಗುಂಥರ್ ಕ್ರೆಖ್ ಎಂಬುದು ಕತೆಯ ಮುದ್ರೆ.

ಇಂಥ ಕತೆಯನ್ನು ನಂಬುವುದಕ್ಕೂ ನಕ್ಕು ತಳ್ಳಿಹಾಕುವುದಕ್ಕೂ ಹೆಚ್ಚು ಶ್ರಮ ಬೇಕಾಗಿಲ್ಲ. ಪರಿಶೀಲಿಸುವುದಕ್ಕೆ ಒಂದು ಸಂಜೆಯ ಬಿಡುವು, ಒಂದು ನೋಟ್‌ಬುಕ್ಕು ಮತ್ತು ಕೊಂಚ ತಾಳ್ಮೆ ಸಾಕು. ಅಂಥ ಕತೆಯನ್ನು ಲೇಖನದಲ್ಲೋ ವಿಡಿಯೊದಲ್ಲೋ ಬಳಸಿಕೊಳ್ಳಬೇಕೆಂದಿರುವ, ಅಥವಾ ಮನೆಯ ಮಕ್ಕಳು ಫೋನ್ ತೋರಿಸಿ ಇದು ನಿಜವೇ ಎಂದು ಕೇಳಿದಾಗ ಉತ್ತರ ಕೊಡಬೇಕಾದ ಓದುಗರಿಗಾಗಿ, ನಾನು ಅನುಸರಿಸುವ ಕ್ರಮವನ್ನು ಯುಬಿ-85ರ ಕತೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ, ಪುಟದ ಮೇಲ್ಭಾಗದಲ್ಲಿ ಎರಡು ದಿನಾಂಕಗಳಿಗೆ ಜಾಗ ಬಿಡುವುದು. ಘಟನೆ ನಡೆಯಿತೆಂದು ಹೇಳಲಾಗುವ ದಿನ ಒಂದು. ಅದು ಮೊದಲ ಬಾರಿಗೆ ಬರಹದಲ್ಲಿ ಕಾಣಿಸಿಕೊಂಡ ದಿನ ಇನ್ನೊಂದು. ನನ್ನ ಅನುಭವದಲ್ಲಿ ಉಳಿದ ಎಲ್ಲ ಪರೀಕ್ಷೆಗಳಿಗಿಂತ ಇದೊಂದೇ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಕಡಲದೈತ್ಯಗಳು ಸಾಮಾನ್ಯವಾಗಿ ಸಮುದ್ರದಲ್ಲಿ ವಾಸಿಸುವುದಿಲ್ಲ, ಈ ಎರಡು ದಿನಾಂಕಗಳ ನಡುವಿನ ಅಂತರದಲ್ಲಿ ವಾಸಿಸುತ್ತವೆ.

ಇದಕ್ಕೆ ಚೊಕ್ಕವಾದ ಉದಾಹರಣೆ ಯು-28 ಎಂಬ ಇನ್ನೊಂದು ಜರ್ಮನ್ ಜಲಾಂತರ್ಗಾಮಿಯದು. ಅದರ ಕಪ್ತಾನ ಗೇಯೋರ್ಗ್-ಗುಂಥರ್ ಫಾನ್ ಫೋರ್ಸ್ಟ್‌ನರ್ 1915ರ ಜುಲೈ 30ರಂದು ಐರ್ಲೆಂಡಿನ ನೈಋತ್ಯಕ್ಕೆ, ಫಾಸ್ಟ್‌ನೆಟ್ ದೀಪಸ್ತಂಭದ ಆಚೆಗಿನ ನೀರಿನಲ್ಲಿ, ಐಬೀರಿಯನ್ ಎಂಬ 5,000 ಟನ್ನಿಗೂ ಮಿಕ್ಕಿದ ಬ್ರಿಟಿಷ್ ಹಬೆಹಡಗನ್ನು ಮುಳುಗಿಸಿದ್ದು ನಿಜ. ಹಡಗು ಮುಳುಗಿ ಸುಮಾರು 25 ಸೆಕೆಂಡುಗಳಾದ ಮೇಲೆ ನೀರಿನಡಿಯಲ್ಲಿ ಭಾರೀ ಸ್ಫೋಟವಾಯಿತು, ಹಡಗಿನ ಚೂರುಗಳ ಜತೆಗೆ ಮೊಸಳೆಯಂಥ, ಸುಮಾರು 20 ಮೀಟರ್ ಉದ್ದದ, ಜಾಲಪಾದಗಳುಳ್ಳ ನಾಲ್ಕು ಕಾಲುಗಳ, ತುದಿಗೆ ಚೂಪಾಗುತ್ತ ಹೋಗುವ ಬಾಲದ ಪ್ರಾಣಿಯೊಂದು ಗಾಳಿಗೆ ಚಿಮ್ಮಿ ಒದ್ದಾಡಿ ಮತ್ತೆ ನೀರಿಗೆ ಬಿತ್ತು ಎಂದು ಆತ ಬರೆದ. ಇಲ್ಲಿ ಹೇಳಿದವನ ಹೆಸರಿದೆ, ಹುದ್ದೆಯಿದೆ, ಹಡಗಿದೆ, ದಿನಾಂಕವಿದೆ. ಓದಿದವರು ತಲೆಬಾಗುವಂತೆಯೇ ಇದೆ. ಆದರೆ ಆತ ಅದನ್ನು ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1933ರ ಕೊನೆಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಪ್ರಾಣಿಯ ಸುದ್ದಿ ಇನ್ವರ್ನೆಸ್‌ನ ಪತ್ರಿಕೆಯಲ್ಲಿ ಬಂದು, ವರ್ಷ ಮುಗಿಯುವಷ್ಟರಲ್ಲಿ ಯುರೋಪಿನ ಪತ್ರಿಕೆಗಳೆಲ್ಲ ಅದೇ ಗುಂಗಿನಲ್ಲಿದ್ದವು. ನಡುವೆ ಕಳೆದದ್ದು 18 ವರ್ಷ. ಯು-28ರ ಯುದ್ಧದಿನಚರಿಯಲ್ಲಿ ಪ್ರಾಣಿಯ ಸೊಲ್ಲಿಲ್ಲ. ಐಬೀರಿಯನ್ ಹಡಗಿನಿಂದ ಬದುಕಿ ಬಂದವರೂ, ಅದೇ ನೀರಿನಲ್ಲಿ ದೋಣಿಗಳಲ್ಲಿ ಕುಳಿತು ಅದೇ ಸ್ಫೋಟವನ್ನು ಕಂಡಿರಬೇಕಾದವರೂ, ಅಂಥದ್ದೇನನ್ನೂ ಹೇಳಿಲ್ಲ. ಫೋರ್ಸ್ಟ್‌ನರ್ ಸುಳ್ಳು ಹೇಳಿದ ಎನ್ನುವುದು ನನ್ನ ವಾದವಲ್ಲ. ಹದಿನೆಂಟು ವರ್ಷ ಹಳೆಯದಾದ ನೆನಪು, ಊರೆಲ್ಲ ಮಾತಾಡುತ್ತಿರುವ ಆಕಾರವನ್ನು ತಾನೂ ತಾಳಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ ಎನ್ನುವುದಷ್ಟೇ.

ಕ್ರೆಖ್‌ನ ಕತೆಗೆ ಈ ಮಟ್ಟಿಗಿನ ಆಧಾರವೂ ಇಲ್ಲ. ಫೋರ್ಸ್ಟ್‌ನರ್ ತಡವಾಗಿಯಾದರೂ ತನ್ನ ಹೆಸರಿನಲ್ಲೇ ಬರೆದ. ಕ್ರೆಖ್‌ನ ಬಾಯಲ್ಲಿ ಇಡಲಾಗುವ ಮಾತುಗಳು 1918ರ ಯಾವ ಕಾಗದದಿಂದ ಬಂದವೆಂದು ಹೇಳುವ ಬರಹ ನನಗೆ ಒಂದೂ ಸಿಕ್ಕಿಲ್ಲ. ಉದ್ಧರಣ ಚಿಹ್ನೆಯೊಳಗೆ ಮಾತಿದ್ದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ಯಾರು ಕೇಳಿಸಿಕೊಂಡರು, ಯಾವಾಗ ಬರೆದುಕೊಂಡರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಪುಟದ ಎರಡನೆಯ ದಿನಾಂಕದ ಜಾಗವನ್ನು ಖಾಲಿಯೇ ಬಿಡಬೇಕು. ಖಾಲಿ ಜಾಗವೂ ಒಂದು ಫಲಿತಾಂಶವೇ.

ಎರಡನೆಯ ಕೆಲಸ, ಕತೆಯನ್ನು ಬಿಡಿ ಬಿಡಿ ವಾಕ್ಯಗಳಾಗಿ ಒಡೆಯುವುದು. ಪ್ರಾಣಿ ಇತ್ತೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡರೆ ದಾರಿ ಅಲ್ಲಿಗೇ ಮುಚ್ಚುತ್ತದೆ. ಹಡಗು ಯಾವುದು, ಹಿಡಿದವರು ಯಾರು, ಬೆಳದಿಂಗಳಿತ್ತೇ, ಅಟ್ಟದ ತಗಡು ಕೆಟ್ಟರೆ ಜಲಾಂತರ್ಗಾಮಿ ನೀರಿನಡಿಗೆ ಇಳಿಯಲಾರದೇ, ಅದನ್ನು ವಾಲಿಸಲು ಎಷ್ಟು ಭಾರ ಬೇಕು ಎಂದು ಬರೆದುಕೊಂಡರೆ ಪ್ರತಿಯೊಂದಕ್ಕೂ ಪ್ರಾಣಿಯ ಹಂಗಿಲ್ಲದ ಉತ್ತರ ಸಿಗುತ್ತದೆ.

ಹಿಡಿದವರಿಂದಲೇ ಆರಂಭಿಸೋಣ. ಕತೆಯ ಬಹುಪಾಲು ರೂಪಗಳಲ್ಲಿ ಅದು ಎಚ್‌ಎಂಎಸ್ ಕೊರಿಯಾಪ್ಸಿಸ್ ಎಂಬ ಯುದ್ಧನೌಕೆ. ಆ ಹೆಸರಿನ ನೌಕೆಯೊಂದು ಬ್ರಿಟಿಷ್ ನೌಕಾಪಡೆಯಲ್ಲಿ ಇದ್ದದ್ದು ನಿಜ. ಆದರೆ ಯುಬಿ-85ನ್ನು ಹಿಡಿದದ್ದು ಅದೇ ಹೆಸರಿನ ಒಂದು ಡ್ರಿಫ್ಟರ್, ಅಂದರೆ ಹೆರಿಂಗ್ ಮೀನಿಗೆ ತೇಲುಬಲೆ ಬಿಡುತ್ತಿದ್ದ ಚಿಕ್ಕ ಹಬೆದೋಣಿ. ಯುದ್ಧ ಬಂದಾಗ ಇಂಥ ನೂರಾರು ಮೀನುಗಾರಿಕೆ ದೋಣಿಗಳನ್ನು ನೌಕಾಪಡೆ ತೆಗೆದುಕೊಂಡು, ಮೇಲೊಂದು ಸಣ್ಣ ತೋಪು ಕೂರಿಸಿ ಕಾವಲಿಗೆ ಬಿಟ್ಟಿತ್ತು. ಯುಬಿ-85 ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೀನುಗಾರರ ದೋಣಿಗೆ ಸಮರನೌಕೆಯೊಂದು ಶರಣಾದ ಈ ಸಂಗತಿಯೇ ಸ್ವಾರಸ್ಯದ್ದಲ್ಲವೇ ಎಂದು ನನಗೆ ಅನೇಕ ಸಲ ಅನ್ನಿಸಿದೆ; ಕತೆಗಾರರು ಇದನ್ನು ಕೈಬಿಟ್ಟು ಹಲ್ಲು ಮಿನುಗುವ ಪ್ರಾಣಿಯನ್ನು ಏಕೆ ಆರಿಸಿಕೊಂಡರೋ! ಇರಲಿ, ಪಾಠ ಇಷ್ಟು: ಹೆಸರು ಹೊಂದಿದರೆ ಸಾಲದು, ಹಡಗಿನ ಜಾತಿ, ಗಾತ್ರ, ಅಂದು ಅದು ಎಲ್ಲಿತ್ತು ಎಂಬುದೂ ಹೊಂದಬೇಕು.

ಬೆಳದಿಂಗಳ ಪರೀಕ್ಷೆ ನನಗೆ ಅಚ್ಚುಮೆಚ್ಚಿನದು, ಏಕೆಂದರೆ ಚಂದ್ರನ ಲೆಕ್ಕವನ್ನು ಯಾವ ಕತೆಗಾರನೂ ತಿದ್ದಲಾರ. 1918ರ ಜೂನ್ 8ರಂದು ಅಮೆರಿಕದ ಉದ್ದಗಲಕ್ಕೆ ಕಾಣಿಸಿದ ಪೂರ್ಣ ಸೂರ್ಯಗ್ರಹಣ ಆಯಿತು, ಸೂರ್ಯಗ್ರಹಣವೆಂದರೆ ಅಮಾವಾಸ್ಯೆ. ಅಲ್ಲಿಂದ ಒಂದು ಚಾಂದ್ರಮಾಸ, ಅಂದರೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಹಿಂದಕ್ಕೆ ಎಣಿಸಿದರೆ ಮೇ 10ರ ಅಮಾವಾಸ್ಯೆ. ಅದಕ್ಕೂ ಅರ್ಧ ಮಾಸ ಹಿಂದೆ, ಏಪ್ರಿಲ್ 25–26ರ ಸುಮಾರಿಗೆ ಹುಣ್ಣಿಮೆ. ಹಾಗಾದರೆ ಏಪ್ರಿಲ್ 29ರ ರಾತ್ರಿ ಬಹುಳ ಚೌತಿಯ ಆಸುಪಾಸು. ಸಂಕಷ್ಟಿಯ ದಿನ ಉಪವಾಸವಿದ್ದು ಚಂದ್ರನಿಗಾಗಿ ತಾರಸಿಯ ಮೇಲೆ ಕಾಯುವವರಿಗೆ ಆ ಚಂದ್ರ ಎಷ್ಟು ತಡವಾಗಿ ಬರುತ್ತಾನೆಂದು ಹೇಳಬೇಕಾಗಿಲ್ಲ. ಸ್ಕಾಟ್ಲೆಂಡಿನಷ್ಟು ಉತ್ತರದಲ್ಲಿ, ವಸಂತಕಾಲದಲ್ಲಿ, ಅವನು ಇನ್ನೂ ತಡವಾಗಿ, ನಡುರಾತ್ರಿಯ ಆಸುಪಾಸಿಗೆ ಮೂಡಿ, ದಕ್ಷಿಣದ ದಿಗಂತಕ್ಕೆ ತಗ್ಗಾಗಿಯೇ ಸಾಗುತ್ತಾನೆ. ಆದ್ದರಿಂದ ರಾತ್ರಿಯ ದ್ವಿತೀಯಾರ್ಧದಲ್ಲಿ, ಮೋಡವಿಲ್ಲದಿದ್ದರೆ, ಬೆಳದಿಂಗಳು ಇರಲು ಸಾಧ್ಯವಿತ್ತು. ಕತೆ ಈ ಪರೀಕ್ಷೆಯಲ್ಲಿ ಪಾಸಾಯಿತು. ಇದನ್ನು ಮುಚ್ಚಿಡದೆ ಹಾಗೆಯೇ ಬರೆದುಕೊಳ್ಳಬೇಕು. ನಮಗೆ ಬೇಕಾದ ಉತ್ತರ ಬಾರದಿದ್ದಾಗ ಪರೀಕ್ಷೆಯನ್ನೇ ಕೈಬಿಡುವ ಚಾಳಿ ದೈತ್ಯವನ್ನು ನಂಬುವವರಲ್ಲಿ ಎಷ್ಟಿದೆಯೋ ನಂಬದವರಲ್ಲೂ ಅಷ್ಟೇ ಇದೆ. ಹಾಗೆಂದು ಒಂದು ವಿವರ ಸರಿಹೊಂದಿತೆಂದ ಮಾತ್ರಕ್ಕೆ ಉಳಿದದ್ದೂ ನಿಜವಾಗುವುದಿಲ್ಲ. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿಗಳಲ್ಲಿ ಯಾವುದೋ ಒಂದು ಹೊತ್ತಿಗೆ ಬೆಳದಿಂಗಳು ಇದ್ದೇ ಇರುತ್ತದೆ.

ಕತೆ ಎಡವುವುದು ಯಂತ್ರದ ಲೆಕ್ಕದಲ್ಲಿ. ಅಂದಿನ ಜಲಾಂತರ್ಗಾಮಿಯ ರಚನೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಜನ ಇರುವುದು, ಯಂತ್ರಗಳಿರುವುದು ಒತ್ತಡ ತಾಳಬಲ್ಲ ಗಟ್ಟಿ ಉಕ್ಕಿನ ಉರುಳೆಯೊಳಗೆ. ಅದರ ಮೇಲೆ, ನಾವಿಕರು ನಡೆದಾಡಲೆಂದು ಮತ್ತು ಮೇಲೆ ತೇಲುವಾಗ ಅಲೆಗಳನ್ನು ಸೀಳಲೆಂದು, ತೆಳುವಾದ ತಗಡಿನ ಅಟ್ಟವನ್ನು ಕಟ್ಟಿರುತ್ತಾರೆ. ಈ ಅಟ್ಟದ ಬದಿಗಳಲ್ಲಿ ಬೇಕೆಂದೇ ತೂತುಗಳನ್ನು ಬಿಟ್ಟಿರುತ್ತಾರೆ. ಹಡಗು ಮುಳುಗುವಾಗ ಅದರ ಅಡಿಗೆ ನೀರು ನುಗ್ಗುತ್ತದೆ, ಮೇಲೆ ಬಂದಾಗ ಸುರಿದುಹೋಗುತ್ತದೆ. ಅಂದಮೇಲೆ ಪ್ರಾಣಿಯೊಂದು ಮುಂದಿನ ಅಟ್ಟದ ತಗಡನ್ನು ಕಚ್ಚಿ ಕಿತ್ತರೂ ಹಡಗು ನೀರಿನಡಿಗೆ ಇಳಿಯದಿರಲು ಅದಷ್ಟೇ ಕಾರಣವಾಗದು. ಒಳಗಿನ ಉರುಳೆಗೆ, ಬಾಗಿಲುಗಳಿಗೆ, ನೀರು ತುಂಬಿಸುವ ತೊಟ್ಟಿಗಳಿಗೆ ಅಥವಾ ಮುಳುಗುವಾಗ ದಿಕ್ಕು ಕೊಡುವ ರೆಕ್ಕೆಗಳಿಗೆ ಪೆಟ್ಟಾಗಬೇಕು. ಕತೆ ಹೇಳಿದವರಿಗೆ ಜಲಾಂತರ್ಗಾಮಿಯ ಮೇಲ್ಮೈ ಮಾತ್ರ ಗೊತ್ತಿತ್ತು ಎಂಬ ಅನುಮಾನ ನನಗೆ ಹುಟ್ಟಿದ್ದು ಈ ಒಂದು ವಾಕ್ಯದಿಂದ.

ಭಾರದ ಲೆಕ್ಕವನ್ನೂ ಮಾಡಿ ನೋಡಬಹುದು. ಯುಬಿ-3 ಎಂಬ ಈ ವರ್ಗದ ಹಡಗುಗಳು ಸುಮಾರು 55 ಮೀಟರ್ ಉದ್ದ. ಮೇಲೆ ತೇಲುವಾಗ ಸುಮಾರು 516 ಟನ್, ಮುಳುಗಿದಾಗ ಸುಮಾರು 650 ಟನ್ ನೀರನ್ನು ಪಕ್ಕಕ್ಕೆ ಸರಿಸುತ್ತಿದ್ದವು. ಅಂದರೆ ಮೇಲಿರುವ ಹಡಗನ್ನು ನೇರ ಕೆಳಕ್ಕೆ ಒತ್ತಿ ಮುಳುಗಿಸಲು ನೂರ ಮೂವತ್ತು ಟನ್ನಿನಷ್ಟು ಭಾರ ಬೇಕು. ಪಕ್ಕಕ್ಕೆ ವಾಲಿಸಲು ಅಷ್ಟೇನೂ ಬೇಡ, ಆದರೆ ಟನ್ನುಗಟ್ಟಲೆ ಭಾರ ಬೇಕೇ ಬೇಕು. ಅದೂ ಆ ಪ್ರಾಣಿ ನೀರಿನ ಆಸರೆಯನ್ನು ಬಿಟ್ಟು ಮೈಯನ್ನು ಹೊರಕ್ಕೆ ಎತ್ತಿ ನೇತುಬಿದ್ದಾಗ. ಭೂಮಿಯ ಅತಿದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲಕ್ಕೆ ಆ ತೂಕವಿದೆ, ಹಿಡಿದುಕೊಳ್ಳಲು ಕೈಯಿಲ್ಲ. ಚಿಕ್ಕ ತಲೆಯ, ಕೊಂಬಿನ ಬುರುಡೆಯ, ಉಗುರೋ ಹಲ್ಲೋ ಊರಿ ಹತ್ತುವ ಈ ಪ್ರಾಣಿ ನಮ್ಮ ಹೊಯ್ಸಳ ಗುಡಿಗಳ ಗೋಡೆಯ ಮಕರದಂತೆ ಹಲವು ಪ್ರಾಣಿಗಳ ಅಂಗಗಳನ್ನು ಒಟ್ಟಿಗೆ ಹೊಲಿದದ್ದು. ತಿಮಿಂಗಿಲ ಎಂಬ ಪದವೇ ಮೊದಲು ತಿಮಿ ಎಂಬ ಮಹಾಮೀನನ್ನು ನುಂಗುವ ಪುರಾಣದ ಪ್ರಾಣಿಯ ಹೆಸರಾಗಿತ್ತು, ಅದನ್ನೂ ನುಂಗುವ ತಿಮಿಂಗಿಲಗಿಲವೂ ಇತ್ತು ಎನ್ನುವುದನ್ನು ನೆನೆದರೆ, ಕಡಲಿನ ಪ್ರಾಣಿಯನ್ನು ಒಂದು ಸುತ್ತು ದೊಡ್ಡದು ಮಾಡಿ ಹೇಳುವ ಆಸೆ ಜರ್ಮನ್ನರಿಗೋ ಸ್ಕಾಟ್ಲೆಂಡಿನವರಿಗೋ ಸೀಮಿತವಲ್ಲ.

ಮುಂದಿನ ಮೆಟ್ಟಿಲು ದಾಖಲೆಗಳು. ಜರ್ಮನ್ ಹಡಗುಗಳ ಯುದ್ಧದಿನಚರಿಗಳು ಫ್ರೈಬುರ್ಗ್‌ನಲ್ಲಿರುವ ಜರ್ಮನಿಯ ಸೇನಾ ದಾಖಲೆಗಾರದಲ್ಲೂ, ಸೆರೆಸಿಕ್ಕವರ ವಿಚಾರಣೆಯ ವರದಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲೂ ಇವೆ. ಯಾವುದನ್ನು ಯಾವಾಗ ನೋಡಬೇಕೆಂಬುದರಲ್ಲಿ ಒಂದು ಸೂಕ್ಷ್ಮವಿದೆ. ಹಡಗು ಬಂದರಿಗೆ ಮರಳಿದ್ದರೆ ದಿನಚರಿಯನ್ನು ನೋಡಬೇಕು. ಹಡಗೇ ಮುಳುಗಿ ಜನ ಬದುಕಿದ್ದರೆ ಕೊನೆಯ ಯಾನದ ಕತೆ ವಿಚಾರಣೆಯ ವರದಿಯಲ್ಲಿರುತ್ತದೆ. ಯುಬಿ-85 ಎರಡನೆಯ ಬಗೆಯದು. ವಿಚಾರಣೆಯಲ್ಲಿ ನಾವಿಕರು ಹೇಳಿದ್ದು ಹೀಗಿದೆ: ಡ್ರಿಫ್ಟರ್ ಗುಂಡು ಹಾರಿಸಿದಾಗ ಹಡಗು ಅವಸರದಲ್ಲಿ ನೀರಿನಡಿಗೆ ಇಳಿಯಿತು, ಸರಿಯಾಗಿ ಮುಚ್ಚಿರದ ಮುಚ್ಚಳದಿಂದ ನೀರು ಒಳನುಗ್ಗಿತು, ನೀರು ಮುಂದಕ್ಕೆ ಹರಡದಂತೆ ತಡೆಯಬೇಕಾಗಿದ್ದ ಜಲಬಂಧ ಬಾಗಿಲನ್ನು ಮುಚ್ಚಲು ಹೋದರೆ ಆಗಲಿಲ್ಲ, ಏಕೆಂದರೆ ಅಧಿಕಾರಿಗಳ ಕೋಣೆಯನ್ನು ಬೆಚ್ಚಗಿಡಲೆಂದು ಹಾಕಿಸಿದ್ದ ವಿದ್ಯುತ್ ಹೀಟರಿನ ತಂತಿಗಳನ್ನು ಅದೇ ಬಾಗಿಲಿನ ಮೂಲಕ ಎಳೆದಿದ್ದರು. ಬೇರೆ ದಾರಿಯಿಲ್ಲದೆ ಹಡಗು ಮೇಲೆ ಬಂತು, ಜನ ಹೊರಬಂದು ಶರಣಾದರು. ಒಂದು ಹೀಟರು, ಒಂದೆರಡು ತಂತಿ, ಮುಚ್ಚಲಾಗದ ಒಂದು ಬಾಗಿಲು. ಮಳೆಗಾಲದಲ್ಲಿ ಕಿಟಕಿಯ ಸಂದಿನಿಂದ ಕೇಬಲ್ ಎಳೆದು, ಆಮೇಲೆ ಕಿಟಕಿ ಮುಚ್ಚದೆ ಮನೆಯೊಳಗೆ ಇರಚಲು ಬರಿಸಿಕೊಂಡ ಎಲ್ಲರಿಗೂ ಈ ದುರಂತ ಅರ್ಥವಾಗುತ್ತದೆ.

ಕೆಲವರು ಎರಡನ್ನೂ ಉಳಿಸಿಕೊಳ್ಳಲು ಒಂದು ಹೊಂದಾಣಿಕೆ ಮಾಡುತ್ತಾರೆ: ಕ್ರೆಖ್ ನಾಚಿಕೆಯನ್ನು ಮುಚ್ಚಿಕೊಳ್ಳಲು ದೈತ್ಯದ ಕತೆ ಕಟ್ಟಿದ, ಅಥವಾ ವಿಚಾರಣಾಧಿಕಾರಿಯೊಂದಿಗೆ ತಮಾಷೆ ಮಾಡಿದ ಎಂದು. ಇಲ್ಲಿ ಎಚ್ಚರ ಬೇಕು. ಆತ ಆ ಮಾತನ್ನು ಆಡಿದನೆಂಬುದೇ ಸಿದ್ಧವಾಗಿಲ್ಲದಿರುವಾಗ ಏಕೆ ಆಡಿದ ಎಂದು ಕೇಳುವುದು ಆಡದ ಮಾತಿಗೆ ಕಾರಣ ಹುಡುಕಿದಂತೆ.

ಇನ್ನು ಅವಶೇಷ. 2016ರ ಅಕ್ಟೋಬರಿನಲ್ಲಿ, ಸ್ಕಾಟ್ಲೆಂಡಿನಿಂದ ವೇಲ್ಸ್ ಕಡೆಗೆ ವಿದ್ಯುತ್ತನ್ನು ಒಯ್ಯಲು ಸುಮಾರು 385 ಕಿಲೊಮೀಟರ್ ಕಡಲಡಿಯ ಕೇಬಲ್ ಎಳೆಯುವ ವೆಸ್ಟರ್ನ್ ಲಿಂಕ್ ಯೋಜನೆಯ ಸಮೀಕ್ಷೆಯಲ್ಲಿ ಸ್ಟ್ರಾನ್‌ರೇರ್ ಕರಾವಳಿಯಾಚೆ ಒಂದು ಜಲಾಂತರ್ಗಾಮಿ ಸಿಕ್ಕಿದ ಸುದ್ದಿ ಬಂತು. ದೈತ್ಯ ಮುಳುಗಿಸಿದ ಹಡಗು ಪತ್ತೆ ಎಂಬ ಧಾಟಿಯಲ್ಲಿ ಜಗತ್ತಿನ ಪತ್ರಿಕೆಗಳು ಬರೆದವು. ಇಂದು ಓಡಾಡುವ ಬರಹಗಳಲ್ಲಿ ಬಹಳಷ್ಟು ಆ ವಾರದ ಮರಿಗಳು. ಸೋನಾರ್ ಚಿತ್ರವನ್ನು ನೋಡುವಾಗ ಅದು ಛಾಯಾಚಿತ್ರವಲ್ಲ, ಶಬ್ದದ ಪ್ರತಿಧ್ವನಿಯನ್ನು ಅಳೆದು ಬಣ್ಣ ತುಂಬಿದ ನಕ್ಷೆ ಎಂಬುದು ನೆನಪಿರಬೇಕು. ಅದರಿಂದ ಉದ್ದ, ಎತ್ತರ, ಒಡಲಿನ ಒಡಕು, ಗೋಪುರದ ಜಾಗ ಇವನ್ನು ತಿಳಿಯಬಹುದು. ಚಿತ್ರದಲ್ಲಿ ಅವಶೇಷ ಸುಮಾರು 45 ಮೀಟರ್ ಉದ್ದವಿತ್ತು; ಕಡತದಲ್ಲಿನ ಉದ್ದ 55 ಮೀಟರ್. ನೂರು ವರ್ಷದ ಅವಶೇಷದ ತುದಿ ಮುರಿದಿರುವುದು, ಮರಳಿನಲ್ಲಿ ಹೂತಿರುವುದು ಅಪರೂಪವಲ್ಲ, ಆದ್ದರಿಂದ ಈ ವ್ಯತ್ಯಾಸವೊಂದರಿಂದ ಏನೂ ಸಿದ್ಧವಾಗದು. ಇಂಥ ಅವಶೇಷಗಳನ್ನು ದಶಕಗಳಿಂದ ಅಧ್ಯಯನ ಮಾಡಿದ ಕಡಲ ಪುರಾತತ್ತ್ವಜ್ಞ ಇನಿಸ್ ಮೆಕಾರ್ಟ್ನಿ ಆಗ ಕೊಟ್ಟ ಅಭಿಪ್ರಾಯ ಪತ್ರಿಕೆಗಳ ತಲೆಬರಹಕ್ಕಿಂತ ಎಷ್ಟೋ ಹದವಾಗಿತ್ತು: ಇದು ಯುಬಿ-85 ಇರಬಹುದು, ಅಥವಾ ಅದೇ ವರ್ಗದ ಯುಬಿ-82 ಇರಬಹುದು. ಅವಶೇಷಕ್ಕೆ ಹೆಸರಿಡುವವರು ಪ್ರೊಪೆಲ್ಲರಿನ ಮೇಲೆ ಕೊರೆದ ಗುರುತು, ತೋಪಿನ ಬಗೆ, ಟಾರ್ಪೆಡೊ ಕೊಳವೆಗಳ ಜೋಡಣೆ ಇಂಥವನ್ನು ನೋಡುತ್ತಾರೆ. ಒಂದೇ ಹಡಗುಕಟ್ಟೆಯ ಅವಳಿಗಳಂಥ ಹಡಗುಗಳಲ್ಲಿ ಅದೂ ಕಷ್ಟ. ಹೆಸರು ಖಚಿತವಾದರೂ ಸಿದ್ಧವಾಗುವುದು ಹಡಗು ಅಲ್ಲಿ ಮುಳುಗಿತು ಎಂಬುದಷ್ಟೇ. ಅದು ಮುಳುಗಿತೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಅವಶೇಷ ಕತೆಯನ್ನು ಮುರಿಯುವುದೂ ಉಂಟು. ದೆವ್ವ ಹಿಡಿದ ಹಡಗೆಂದು ಹೆಸರಾದ ಯುಬಿ-65, 1918ರ ಜುಲೈ 10ರಂದು ಐರ್ಲೆಂಡಿನ ಬಳಿ ಅಮೆರಿಕದ ಜಲಾಂತರ್ಗಾಮಿಯೊಂದರ ಕಣ್ಣೆದುರೇ ತಾನಾಗಿ ಸಿಡಿದುಹೋಯಿತೆಂದು ಬಹುಕಾಲ ಹೇಳುತ್ತಿದ್ದರು. 2004ರಲ್ಲಿ ಅದರ ಅವಶೇಷ ಸಿಕ್ಕಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಪ್ಯಾಡ್‌ಸ್ಟೋ ಬಳಿ.

ನಾವಿಕರು ನಿಜವಾಗಿ ಏನನ್ನೋ ಕಂಡಿದ್ದರೆ ಅದು ಏನಿರಬಹುದು ಎಂಬ ಪ್ರಶ್ನೆಯನ್ನು ಕೊನೆಗೆ ಇಡಬೇಕು, ಮತ್ತು ಮೇಲಿನ ಪರೀಕ್ಷೆಗಳಲ್ಲಿ ಸಾಕ್ಷ್ಯ ಉಳಿದುಕೊಂಡಿದ್ದರೆ ಮಾತ್ರ ಎತ್ತಬೇಕು. ಸ್ಕಾಟ್ಲೆಂಡಿನ ಪಶ್ಚಿಮದ ನೀರಿನಲ್ಲಿ ಬೇಸಿಗೆಗೆ ಬರುವ ಬಾಸ್ಕಿಂಗ್ ಶಾರ್ಕ್ ಹತ್ತು ಮೀಟರಿನವರೆಗೂ ಬೆಳೆಯುತ್ತದೆ, ತೆರೆದ ಬಾಯಿಂದ ನೀರು ಸೋಸುತ್ತ ಮೇಲ್ಮೈಯಲ್ಲೇ ನಿಧಾನವಾಗಿ ಸಾಗುತ್ತದೆ. ಅದು ಸತ್ತು ಕೊಳೆತಾಗ ದೊಡ್ಡ ದವಡೆ ಮತ್ತು ಕಿವಿರಿನ ಕಮಾನುಗಳು ಮೊದಲು ಕಳಚಿ ಬೀಳುತ್ತವೆ. ಉಳಿದ ಚಿಕ್ಕ ಬುರುಡೆ ಮತ್ತು ಬೆನ್ನೆಲುಬು ಥಟ್ಟನೆ ಉದ್ದ ಕತ್ತಿನ, ಪುಟ್ಟ ತಲೆಯ ಪ್ರಾಣಿಯಂತೆ ಕಾಣುತ್ತದೆ. 1808ರಲ್ಲಿ ಆರ್ಕ್ನಿ ದ್ವೀಪಗಳ ಸ್ಟ್ರಾನ್ಸಿಯ ದಡಕ್ಕೆ ಬಿದ್ದ 55 ಅಡಿಯ ಮೃಗವೆಂದು ಎಡಿನ್‌ಬರೊದ ವಿದ್ವಾಂಸರು ಹೊಸ ಹೆಸರಿಟ್ಟು ಸಂಭ್ರಮಿಸಿದ್ದು, 1977ರಲ್ಲಿ ನ್ಯೂಜಿಲೆಂಡ್ ಬಳಿ ಜಪಾನಿನ ಜುಯಿಯೊ ಮಾರು ಎಂಬ ಟ್ರಾಲರಿನ ಬಲೆಗೆ ಸಿಕ್ಕಿದ್ದು, ಎರಡೂ ಇಂಥ ಶಾರ್ಕಿನ ಕಳೇಬರಗಳೆಂದೇ ತಜ್ಞರು ಎಣಿಸುತ್ತಾರೆ. ಆದರೆ ಈ ಮಾಹಿತಿಯನ್ನು ಯುಬಿ-85ಕ್ಕೆ ಅಂಟಿಸಬೇಡಿ. ಅಲ್ಲಿ ವಿವರಿಸಬೇಕಾದ ದರ್ಶನವೇ ಉಳಿದಿಲ್ಲ.

ಬರೆಯುವಾಗ ಶೀರ್ಷಿಕೆಯ ಬಗ್ಗೆ ಒಂದು ಮಾತು. ಪ್ರಶ್ನಾರ್ಥಕ ಚಿಹ್ನೆ ಹಾಕಿ ದೈತ್ಯ ಮುಳುಗಿಸಿತೇ ಎಂದು ಕೇಳುವುದು ಹಳೆಯ ಉಪಾಯ. ಒಳಗೆ ಎಷ್ಟೇ ಅಲ್ಲವೆಂದು ಬರೆದರೂ ಫಾರ್ವರ್ಡ್ ಆಗುವುದು ಶೀರ್ಷಿಕೆ ಮತ್ತು ಚಿತ್ರ ಮಾತ್ರ. 2016ರ ಸೋನಾರ್ ಚಿತ್ರವನ್ನು ಬಳಸುವುದಾದರೆ ಅದರ ಕೆಳಗೆ, ಯುಬಿ-85 ಅಥವಾ ಯುಬಿ-82 ಇರಬಹುದಾದ ಅವಶೇಷ ಎಂದು ಪೂರ್ತಿಯಾಗಿ ಬರೆಯಿರಿ. ಎರಡನೆಯ ಹೆಸರನ್ನು ಬಿಡದಿರಲು ಬೇರೊಂದು ಕಾರಣವೂ ಇದೆ. ಯುಬಿ-85ರ ಜನರೆಲ್ಲ ಬದುಕಿ ಉಳಿದರು. ಅದಕ್ಕಿಂತ ಹದಿಮೂರು ದಿನ ಮೊದಲು, ಏಪ್ರಿಲ್ 17ರಂದು, ಇಂಥವೇ ಡ್ರಿಫ್ಟರ್‌ಗಳು ಮುಳುಗಿಸಿದ ಯುಬಿ-82ರಿಂದ ಒಬ್ಬನೂ ಹೊರಬರಲಿಲ್ಲ. ಕಡಲಡಿಯ ಆ ಚಿತ್ರದಲ್ಲಿ ಕಾಣುವ ಹಡಗು ಅದೇ ಆಗಿದ್ದರೆ, ಅದರೊಳಗೆ 37 ಮಂದಿ ಇದ್ದಾರೆ.